ಗಿಟಾರ್ ಒಂದು, ಆಂಪ್ಲಿಫೈಯರ್ ಎರಡು: ಮೂರನೆಯ ಪಿನ್ನು ಮುರಿಯಬೇಡಿ

1972ರ ಮೇ 3. ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ವಾನ್ಸೀ ಪಟ್ಟಣದಲ್ಲಿ 'ಸ್ಟೋನ್ ದ ಕ್ರೋಸ್' ಎಂಬ ಸ್ಕಾಟ್ಲೆಂಡಿನ ವಾದ್ಯತಂಡದ ಕಾರ್ಯಕ್ರಮವಿತ್ತು. ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲಿದ್ದ ಮೈಕನ್ನು ಕೈಯಿಂದ ಮುಟ್ಟಿದ. ಆ ಮೈಕಿಗೆ ಸರಿಯಾದ ಭೂಸಂಪರ್ಕ ಇರಲಿಲ್ಲ. ವಿದ್ಯುದಾಘಾತಕ್ಕೆ ಸಿಲುಕಿ ಆತ ಪ್ರಾಣಬಿಟ್ಟ. ಆಗ ಅವನ ವಯಸ್ಸು 27. ನಾಲ್ಕು ವರ್ಷಗಳ ಬಳಿಕ, 1976ರ ಮೇ ತಿಂಗಳಿನಲ್ಲಿ, 'ಯಾರ್ಡ್‌ಬರ್ಡ್ಸ್' ತಂಡದ ಹಾಡುಗಾರನಾಗಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾಗ ಇದೇ ರೀತಿ ತೀರಿಕೊಂಡ. ಅಲ್ಲಿಯೂ ಭೂಸಂಪರ್ಕದ ದೋಷವೇ ಮೃತ್ಯುವಾಯಿತು.

ಈ ಹಳೆಯ ಸಾವುಗಳನ್ನು ಇಂದು ನೆನೆಯಲು ಕಾರಣವಿದೆ. ಎಲೆಕ್ಟ್ರಿಕ್ ಗಿಟಾರ್ ಈಗ ನಮ್ಮ ಊರುಗಳ ಮನೆಗಳಿಗೂ ಬಂದಿದೆ. ಮಗ ಅಥವಾ ಮಗಳು ಮೊದಲು ಗಿಟಾರ್ ಕೇಳುತ್ತಾರೆ, ಆಮೇಲೆ ಕಾಲಿನಿಂದ ಒತ್ತುವ ಪೆಡಲ್ಲುಗಳು, ಅವನ್ನು ಸಾಲಾಗಿ ಜೋಡಿಸಿದ ಪೆಡಲ್ ಬೋರ್ಡು. ಇನ್ನೊಂದು ಹೆಜ್ಜೆ ಮುಂದೆ ಹೋದವರು ಒಂದೇ ಗಿಟಾರಿಗೆ ಎರಡು ಆಂಪ್ಲಿಫೈಯರ್ ಜೋಡಿಸಲು ಹೊರಡುತ್ತಾರೆ. ಎರಡನೆಯದನ್ನು ಜೋಡಿಸಿದ ಕೂಡಲೇ 'ಗುಂಯ್' ಎಂಬ ಸದ್ದು ಶುರುವಾಗುತ್ತದೆ. ಆಗ ಬಲ್ಲವರೆನಿಸಿಕೊಂಡ ಯಾರಾದರೂ ಹೇಳುವ ಸುಲಭದ ಉಪಾಯ: 'ಒಂದು ಪ್ಲಗ್ಗಿನ ಮೂರನೆಯ ಪಿನ್ನು ತೆಗೆದುಬಿಡು, ಸದ್ದು ನಿಲ್ಲುತ್ತದೆ.' ಸದ್ದೇನೋ ನಿಲ್ಲುತ್ತದೆ. ಅಪಾಯ ಶುರುವಾಗುವುದು ಅಲ್ಲಿಂದಲೇ.

ಬೆರಳಿನಿಂದ ಭೂಮಿಯವರೆಗೆ

ಎಲೆಕ್ಟ್ರಿಕ್ ಗಿಟಾರಿನ ಮೂಲ ತತ್ತ್ವ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ. ತಂತಿಗಳ ಕೆಳಗೆ ಪಿಕಪ್ ಎಂಬ ಸಣ್ಣ ಭಾಗವಿರುತ್ತದೆ. ಅದು ಕಾಂತಗಳ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ವೈರಿನ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅದೇ ಲಯದ ವಿದ್ಯುತ್ತು ಹುಟ್ಟುತ್ತದೆ. ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಸುರುಳಿಯ ವಿದ್ಯುತ್ತೂ ಅಷ್ಟೇ ಸಲ ಹಿಂದುಮುಂದಾಗುತ್ತದೆ.

ಈ ವಿದ್ಯುತ್ತು ಬಹಳ ದುರ್ಬಲ, ಒಂದು ವೋಲ್ಟಿಗಿಂತ ಸಾಮಾನ್ಯವಾಗಿ ಕಡಿಮೆ. ಅದನ್ನು ಸಾಗಿಸುವ ಕೇಬಲ್ಲಿನ ನಡುವೆ ಒಂದು ವೈರು, ಅದರ ಸುತ್ತ ಜಾಲರಿಯಂತೆ ಹೆಣೆದ ಲೋಹದ ಕವಚ ಇರುತ್ತವೆ. ಹೊರಗಿನ ವಿದ್ಯುತ್ ಗದ್ದಲ ಒಳಗಿನ ವೈರನ್ನು ಮುಟ್ಟದಂತೆ ಕವಚ ಕಾಯುತ್ತದೆ. ಬಹುತೇಕ ಗಿಟಾರುಗಳಲ್ಲಿ ತಂತಿಗಳನ್ನೂ ಈ ಕವಚಕ್ಕೇ ಜೋಡಿಸಿರುತ್ತಾರೆ. ಕವಚ ಆಂಪ್ಲಿಫೈಯರಿನ ಲೋಹದ ಮೈಗೆ ಸೇರುತ್ತದೆ. ಆ ಲೋಹದ ಮೈಯನ್ನು ಪ್ಲಗ್ಗಿನ ಮೂರನೆಯ ಪಿನ್ನು ಮನೆಯ ಅರ್ಥಿಂಗಿಗೆ ಕೂಡಿಸುತ್ತದೆ. ಎಂದರೆ ಗಿಟಾರ್ ನುಡಿಸುವವರ ಬೆರಳುಗಳು ತಂತಿ, ಕವಚ, ಆಂಪ್ಲಿಫೈಯರುಗಳ ಮೂಲಕ ಭೂಮಿಯೊಂದಿಗೆ ಸಂಪರ್ಕದಲ್ಲಿರುತ್ತವೆ. ಈ ಸರಪಣಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಎರಡೇಕೆ ಬೇಕು?

ಪೆಡಲ್ ಬೋರ್ಡಿನ ಒಂದೊಂದು ಪೆಟ್ಟಿಗೆಯೂ ನಾದಕ್ಕೆ ಒಂದೊಂದು ಬಣ್ಣ ಕೊಡುತ್ತದೆ. ಡಿಸ್ಟಾರ್ಷನ್ ನಾದವನ್ನು ಒರಟಾಗಿಸುತ್ತದೆ, ಕೋರಸ್ ಹಲವರು ಒಟ್ಟಿಗೆ ನುಡಿಸಿದಂತೆ ಮಾಡುತ್ತದೆ, ಡಿಲೇ ಪ್ರತಿಧ್ವನಿ ತರುತ್ತದೆ. ಸಾಮಾನ್ಯ ಕ್ರಮವೆಂದರೆ ಶ್ರುತಿ ನೋಡುವ ಟ್ಯೂನರ್ ಮೊದಲು, ನಂತರ ಡಿಸ್ಟಾರ್ಷನ್, ಆಮೇಲೆ ಕೋರಸ್, ಕೊನೆಗೆ ಡಿಲೇ ಮತ್ತು ರಿವರ್ಬ್. ಡಿಲೇಯನ್ನು ಡಿಸ್ಟಾರ್ಷನ್ನಿಗಿಂತ ಮುಂಚೆ ಇಟ್ಟರೆ ಪ್ರತಿಧ್ವನಿಗಳೂ ಒರಟಾಗಿ ಎಲ್ಲವೂ ಕಲಸಿಹೋಗುತ್ತದೆ. ಬಹುಪಾಲು ಪೆಡಲ್ಲುಗಳು 9 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುತ್ತವೆ. ಅಡಾಪ್ಟರಿನ ಧನ ಋಣ ತುದಿಗಳು ಪೆಡಲ್ಲಿನ ಮೇಲೆ ಬರೆದಂತೆಯೇ ಇರಬೇಕು. ಎಲ್ಲ ಪೆಡಲ್ಲುಗಳಿಗೆ ಬೇಕಾಗುವ ಮಿಲಿಆಂಪಿಯರುಗಳನ್ನು ಕೂಡಿ, ಅದಕ್ಕಿಂತ ಹೆಚ್ಚು ಕೊಡಬಲ್ಲ ಅಡಾಪ್ಟರನ್ನೇ ಕೊಳ್ಳಬೇಕು.

ಎರಡು ಆಂಪ್ಲಿಫೈಯರುಗಳ ಸೊಗಸು ಎಂಥದೆಂದು ತೋರಿಸಿದ್ದು ಜಪಾನಿನ ರೋಲ್ಯಾಂಡ್ ಕಂಪನಿ 1975ರಲ್ಲಿ ತಂದ 'ಜಾಝ್ ಕೋರಸ್ 120'. ಒಂದೇ ಪೆಟ್ಟಿಗೆಯೊಳಗೆ ತಲಾ 60 ವಾಟಿನ ಎರಡು ವರ್ಧಕಗಳು, ಎರಡು ಸ್ಪೀಕರುಗಳು. ಕೋರಸ್ ಚಾಲೂ ಮಾಡಿದಾಗ ಒಂದು ಸ್ಪೀಕರಿನಿಂದ ಶುದ್ಧ ನಾದ, ಇನ್ನೊಂದರಿಂದ ತುಸು ಅಲುಗಾಡಿಸಿದ ನಾದ ಹೊರಡುತ್ತದೆ. ಎರಡೂ ಬೆರೆಯುವುದು ವೈರಿನೊಳಗಲ್ಲ, ಗಾಳಿಯಲ್ಲಿ. ಕೇಳುವವರಿಗೆ ನಾದ ಅಗಲವಾಗಿ ಹರಡಿದಂತೆ ಭಾಸವಾಗುತ್ತದೆ.

ಬೇರೆ ಬೇರೆ ಎರಡು ಆಂಪ್ಲಿಫೈಯರುಗಳಿಂದಲೂ ಇದನ್ನು ಸಾಧಿಸಬಹುದು. ಡಿಲೇ ಪೆಡಲ್ಲಿಗೆ ಎಡ ಬಲ ಎಂದು ಎರಡು ಹೊರದಾರಿಗಳಿದ್ದರೆ ಒಂದೊಂದನ್ನು ಒಂದೊಂದಕ್ಕೆ ಜೋಡಿಸುವುದು. ಇಲ್ಲದಿದ್ದರೆ ಬೋರ್ಡಿನ ಕೊನೆಯಲ್ಲಿ ಸ್ಪ್ಲಿಟರ್ ಎಂಬ ಕವಲೊಡೆಯುವ ಪೆಟ್ಟಿಗೆ ಇಡುವುದು.

ಗುಂಯ್ ಸದ್ದಿನ ಗುಟ್ಟು

ಪ್ರತಿಯೊಂದು ಆಂಪ್ಲಿಫೈಯರೂ ಒಂಟಿಯಾಗಿದ್ದಾಗ ಶಾಂತವಾಗಿದ್ದು, ಎರಡನ್ನೂ ಜೋಡಿಸಿದಾಗ ಮಾತ್ರ ಗುಂಯ್‌ಗುಟ್ಟಿದರೆ ಅದು ಬಹುಮಟ್ಟಿಗೆ 'ಗ್ರೌಂಡ್ ಲೂಪ್', ಎಂದರೆ ಭೂಸಂಪರ್ಕದ ಬಳೆ. ಎರಡೂ ಆಂಪ್ಲಿಫೈಯರುಗಳ ಲೋಹದ ಮೈಗಳು ಗೋಡೆಯ ಅರ್ಥಿಂಗಿನ ಮೂಲಕ ಕೂಡಿಕೊಂಡಿವೆ. ಈಗ ಪೆಡಲ್ ಬೋರ್ಡಿನಿಂದ ಹೋದ ಎರಡು ಕೇಬಲ್ಲುಗಳ ಕವಚಗಳ ಮೂಲಕವೂ ಕೂಡಿಕೊಂಡವು. ಹೀಗೆ ಲೋಹದ ಒಂದು ದೊಡ್ಡ ಬಳೆ ಏರ್ಪಟ್ಟಿತು. ಗೋಡೆಯ ವೈರುಗಳು, ಟ್ರಾನ್ಸ್‌ಫಾರ್ಮರುಗಳು ಸುತ್ತಲೂ ಬೀರುವ ಕಾಂತಕ್ಷೇತ್ರ ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಆವರ್ತನದ್ದು. ಅದು ಈ ಬಳೆಯ ನಡುವೆ ಹಾದಾಗ ಬಳೆಯಲ್ಲಿ ವಿದ್ಯುತ್ತು ಹರಿಯುತ್ತದೆ. ಗಿಟಾರಿನ ಪಿಕಪ್ಪಿನಲ್ಲಿ ನಾದ ಹುಟ್ಟಿಸಿದ ಫ್ಯಾರಡೆಯ ನಿಯಮವೇ ಇಲ್ಲಿ ಬೇಡದ ಸದ್ದನ್ನೂ ಹುಟ್ಟಿಸುತ್ತದೆ. ಕೇಳಿಸುವುದು 50 ಹಾಗೂ 100 ಹರ್ಟ್ಸ್‌ನ ತಗ್ಗು ದನಿ.

ಬಳೆಯನ್ನು ಎಲ್ಲಿಯಾದರೂ ಕತ್ತರಿಸಿದರೆ ಸದ್ದು ನಿಲ್ಲುತ್ತದೆ. ಪ್ರಶ್ನೆ ಇರುವುದು ಎಲ್ಲಿ ಕತ್ತರಿಸಬೇಕೆಂಬುದರಲ್ಲಿ. ಮೂರನೆಯ ಪಿನ್ನು ಮುರಿದವರು ಕತ್ತರಿಸಿದ್ದು ಜೀವ ಕಾಯುವ ಜಾಗವನ್ನು.

ಹೇಗೆಂದು ನೋಡೋಣ. ಪಿನ್ನಿಲ್ಲದ ಆಂಪ್ಲಿಫೈಯರಿನೊಳಗೆ ಯಾವುದೋ ವೈರು ಸವೆದು 230 ವೋಲ್ಟಿನ ಫೇಸ್ ಅದರ ಲೋಹದ ಮೈಗೆ ತಾಗಿತೆನ್ನಿ. ಪಿನ್ನು ಇದ್ದಿದ್ದರೆ ಭಾರಿ ವಿದ್ಯುತ್ತು ಭೂಮಿಗೆ ಹರಿದು ಫ್ಯೂಸ್ ಆ ಕ್ಷಣವೇ ಹಾರಿಹೋಗುತ್ತಿತ್ತು. ಈಗ ಆ ವಿದ್ಯುತ್ತಿಗೆ ಉಳಿದಿರುವ ದಾರಿ ಪೆಡಲ್ ಬೋರ್ಡಿನ ತೆಳ್ಳನೆಯ ಕವಚ ಮಾತ್ರ. ಆ ಕವಚ ಸುಟ್ಟುಹೋದರೆ ಅಥವಾ ನುಡಿಸುವವರು ಕೇಬಲ್ಲನ್ನು ಕೀಳಹೊರಟರೆ, ಕೈಯಲ್ಲಿರುವ ಆ ಪ್ಲಗ್ಗಿಗೂ ಭೂಮಿಗೂ ನಡುವೆ ಉಳಿಯುವ ಸೇತುವೆ ಅವರ ದೇಹವೇ. ಸುಮಾರು 10 ಮಿಲಿಆಂಪಿಯರ್ ಹರಿದರೆ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗದೆ ಹೋಗಬಹುದು. ಅದರ ಹತ್ತರಷ್ಟು ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ಕೆಡಬಹುದು. ಒಂದು ಪೆಡಲ್ಲು ಬೇಡುವ ವಿದ್ಯುತ್ತಿನಷ್ಟೇ ಸಾಕು, ಮನುಷ್ಯನ ಪ್ರಾಣ ಹೋಗಲು.

ಸರಿಯಾದ ಮದ್ದು

ಬಳೆಯನ್ನು ಕತ್ತರಿಸಬೇಕಾದ ಜಾಗ ಗಿಟಾರಿನ ಸಂಕೇತ ಸಾಗುವ ದಾರಿ. ಅದಕ್ಕೆ ಬೇಕಾದ್ದು ಬೆಂಕಿಪೊಟ್ಟಣದಷ್ಟು ಚಿಕ್ಕ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ತಾಗದಂತೆ ಒಂದೇ ಕಬ್ಬಿಣದ ತಿರುಳಿನ ಮೇಲಿರುತ್ತವೆ. ಮೊದಲನೆಯ ಸುರುಳಿಗೆ ಬಂದ ಗಿಟಾರ್ ನಾದ ಕಾಂತಕ್ಷೇತ್ರದ ಮೂಲಕ ಎರಡನೆಯದಕ್ಕೆ ದಾಟುತ್ತದೆ. ಎರಡರ ನಡುವೆ ವೈರಿನ ಸಂಪರ್ಕವಿಲ್ಲದ್ದರಿಂದ ಕವಚದ ಬಳೆ ಅಲ್ಲಿ ತುಂಡಾಗುತ್ತದೆ. ಎರಡೂ ಪ್ಲಗ್ಗುಗಳ ಮೂರನೆಯ ಪಿನ್ನುಗಳು ಹಾಗೆಯೇ ಉಳಿಯುತ್ತವೆ. ಕೆಲವು ಸ್ಪ್ಲಿಟರುಗಳಲ್ಲಿ ಈ ಟ್ರಾನ್ಸ್‌ಫಾರ್ಮರ್ ಒಳಗೇ ಸೇರಿರುತ್ತದೆ. ಕೊಳ್ಳುವ ಮುನ್ನ ಅದನ್ನು ವಿಚಾರಿಸಿ ನೋಡಬೇಕು.

ಟ್ರಾನ್ಸ್‌ಫಾರ್ಮರನ್ನು ಒಂದು ಆಂಪ್ಲಿಫೈಯರಿನ ದಾರಿಯಲ್ಲಿ ಮಾತ್ರ ಇಡಬೇಕು. ಇನ್ನೊಂದನ್ನು ನೇರವಾಗಿ ಜೋಡಿಸಬೇಕು. ಎರಡರಲ್ಲೂ ಇಟ್ಟರೆ ಗಿಟಾರಿನ ತಂತಿಗಳಿಗೆ ಭೂಮಿಯ ಸಂಪರ್ಕವೇ ತಪ್ಪಿ ಬೇರೆ ಬಗೆಯ ಗದ್ದಲ ಶುರುವಾಗುತ್ತದೆ. ಎರಡೂ ಆಂಪ್ಲಿಫೈಯರುಗಳನ್ನು ಒಂದೇ ಸಾಕೆಟ್ಟಿನಿಂದ ಎಳೆದ ಗಟ್ಟಿಮುಟ್ಟಾದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಎರಡು ಕೇಬಲ್ಲುಗಳನ್ನು ಒಟ್ಟಿಗೆ ಹಾಯಿಸಿದರೆ ಬಳೆಯ ಅಗಲ ಕಡಿಮೆಯಾಗಿ ಸದ್ದೂ ತಗ್ಗುತ್ತದೆ.

ಗುಂಯ್ ಸದ್ದು ಹೋದರೂ ಇನ್ನೊಂದು ತೊಡಕು ಉಳಿಯಬಹುದು. ಎರಡೂ ಆಂಪ್ಲಿಫೈಯರುಗಳು ಒಟ್ಟಿಗೆ ನುಡಿದಾಗ ನಾದ ದಪ್ಪವಾಗುವ ಬದಲು ಪೇಲವವಾಗುತ್ತದೆ, ತಗ್ಗು ಸ್ವರಗಳು ಮಾಯವಾಗುತ್ತವೆ. ವರ್ಧಕದೊಳಗಿನ ಹಂತಗಳು ಸಂಕೇತವನ್ನು ತಲೆಕೆಳಗು ಮಾಡುವುದುಂಟು. ಒಂದರಲ್ಲಿ ಅಂಥ ಹಂತ ಹೆಚ್ಚಿದ್ದರೆ ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಅಲೆಯ ಉಬ್ಬು ತಗ್ಗಿಗೆ ಸೇರಿ ಎರಡೂ ಅಳಿಸಿಹೋಗುತ್ತವೆ. ಪರೀಕ್ಷೆ ಸುಲಭ. ಆಂಪ್ಲಿಫೈಯರುಗಳನ್ನು ಪಕ್ಕಪಕ್ಕದಲ್ಲಿಟ್ಟು ಅತಿ ದಪ್ಪನೆಯ ತಂತಿಯನ್ನು ಮೀಟುತ್ತ, ಸ್ಪ್ಲಿಟರಿನಲ್ಲಿರುವ ಫೇಸ್ ಅಥವಾ ಪೊಲಾರಿಟಿ ಎಂಬ ಸ್ವಿಚ್ಚನ್ನು ಆಚೀಚೆ ಮಾಡಿ ಕೇಳಬೇಕು. ಯಾವ ಕಡೆಗೆ ನಾದ ತುಂಬಿಬರುತ್ತದೋ ಅದೇ ಸರಿ.

ಮನೆಯವರು ನೋಡಬೇಕಾದ್ದು

ಮೂರನೆಯ ಪಿನ್ನು ಇದ್ದರಷ್ಟೇ ಸಾಲದು, ಸಾಕೆಟ್ಟಿನ ಹಿಂದೆ ನಿಜವಾದ ಅರ್ಥಿಂಗ್ ಇರಬೇಕು. ಹಳೆಯ ಮನೆಗಳಲ್ಲಿ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಮೇಲು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಎಂಬ ಸಾಧನವನ್ನು ಹಾಕಿಸಿದರೆ ಇಡೀ ಮನೆಗೇ ರಕ್ಷೆ. ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಎಲೆಕ್ಟ್ರಿಕ್ ಗಿಟಾರ್ ನುಡಿಸಬಾರದು. ವಾಲ್ವ್ ಇರುವ ಆಂಪ್ಲಿಫೈಯರುಗಳನ್ನು ಮಕ್ಕಳು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅವುಗಳ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಕಾಲೇಜಿನ ವೇದಿಕೆಯಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಅಲ್ಲಿ ಮೈಕು ಧ್ವನಿವರ್ಧಕದವರ ವೈರಿಂಗಿಗೆ ಸೇರಿದ್ದು, ಗಿಟಾರ್ ಬೇರೆ ಸಾಕೆಟ್ಟಿಗೆ. ಎರಡರಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೂ ತಂತಿ ಹಿಡಿದ ಕೈಗೂ ಮೈಕಿಗೆ ತಾಗುವ ತುಟಿಗೂ ನಡುವೆ ವಿದ್ಯುತ್ತು ಹರಿಯುತ್ತದೆ. 1965ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ 'ರೋಲಿಂಗ್ ಸ್ಟೋನ್ಸ್' ತಂಡದ ಕೀತ್ ರಿಚರ್ಡ್ಸ್ ಗಿಟಾರಿನಿಂದ ಮೈಕ್ ಸ್ಟ್ಯಾಂಡನ್ನು ತಾಗಿಸಿ, ಆಘಾತಕ್ಕೆ ಪ್ರಜ್ಞೆತಪ್ಪಿ ಬಿದ್ದಿದ್ದ. ಆತ ಉಳಿದುಕೊಂಡ, ಹಾರ್ವೆ ಉಳಿಯಲಿಲ್ಲ. ಕಾರ್ಯಕ್ರಮಕ್ಕೆ ಮುನ್ನ ಎಲೆಕ್ಟ್ರಿಷಿಯನ್ನರು ಗಿಟಾರಿನ ತಂತಿಗೂ ಮೈಕಿನ ಲೋಹಕ್ಕೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿದರೆ ಸಾಕು, ವೋಲ್ಟೇಜ್ ಇದೆಯೋ ಇಲ್ಲವೋ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹಸಿರು ಹೊದಿಕೆಯ ಭೂಸಂಪರ್ಕ ತಂತಿಯ ಪಾಠವಿದೆ. ಮಕ್ಕಳು ಅದನ್ನು ಅಂಕಕ್ಕಾಗಿ ಓದಿ ಮರೆಯುತ್ತಾರೆ. ಈ ವಾರ ಮನೆಯ ಯಾವುದಾದರೂ ಮೂರು ಪಿನ್ನಿನ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಲಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿದೆ, ದಪ್ಪವಾಗಿದೆ. ಪ್ಲಗ್ ಹಾಕುವಾಗ ಭೂಮಿಯ ಸಂಪರ್ಕ ಎಲ್ಲಕ್ಕಿಂತ ಮೊದಲು ಆಗಲಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ತಪ್ಪಲಿ ಎಂದೇ ಅದನ್ನು ಹಾಗೆ ಮಾಡಿದ್ದಾರೆ. ಅಷ್ಟು ಯೋಚಿಸಿ ಇಟ್ಟ ಪಿನ್ನನ್ನು ಒಂದು ಗುಂಯ್ ಸದ್ದಿಗಾಗಿ ಮುರಿಯುವುದು ತರವಲ್ಲ.