ಬೈಬಲ್ ಸಾಫ್ಟ್‌ವೇರ್‌ನಲ್ಲಿ ನೆರೆಮನೆಯ ನಂಬಿಕೆ ಸಿಕ್ಕೀತೇ?

ನವಿಮುಂಬಯಿ: ಚೌತಿ ಬಂದರೆ ಘಣಸೋಲಿಯ ಹೌಸಿಂಗ್ ಸೊಸೈಟಿಗಳಲ್ಲಿ ಮೋದಕ, ಪಂಚಕಜ್ಜಾಯದ ತಟ್ಟೆಗಳು ಬಾಗಿಲಿನಿಂದ ಬಾಗಿಲಿಗೆ ಸಾಗುತ್ತವೆ. ನವರಾತ್ರಿಯಲ್ಲಿ ಇಲ್ಲಿನ ಶ್ರೀ ಮೂಕಾಂಬಿಕಾ ಮಂದಿರದಿಂದ ತಂದ ಪ್ರಸಾದವನ್ನೂ ಹಾಗೆಯೇ ಹಂಚುವುದುಂಟು. ಥಾಣೆ-ವಾಶಿ ರೈಲು 2004ರಲ್ಲಿ ಓಡಲಾರಂಭಿಸಿದ ಮೇಲೆ ಸಿಡ್ಕೋ ಸೆಕ್ಟರ್‌ಗಳಲ್ಲಿ ಮನೆ ಮಾಡಿಕೊಂಡ ತುಳು-ಕನ್ನಡಿಗರಿಗೆ ಎದುರು ಬಾಗಿಲಲ್ಲಿ ಮರಾಠಿಗರು, ಪಕ್ಕದಲ್ಲಿ ಕ್ರೈಸ್ತರು, ಮೇಲಿನ ಮಹಡಿಯಲ್ಲಿ ಜೈನರೋ ಮುಸ್ಲಿಮರೋ ನೆರೆಯವರಾಗಿರುವುದು ಸಾಮಾನ್ಯ. ಪ್ರಸಾದದ ತಟ್ಟೆ ಹಿಡಿದು ನಿಂತಾಗ ಎದುರಿನವರು ನಗುತ್ತಲೇ ‘ಬೇಡ’ ಎಂದುಬಿಟ್ಟರೆ ಮನಸ್ಸಿಗೆ ಚುರುಕ್ಕೆನ್ನುತ್ತದೆ. ಅದು ತಾತ್ಸಾರವೇ, ನಂಬಿಕೆಯೇ? ಕೇಳೋಣವೆಂದರೆ ಸಂಕೋಚ.

ಬಾಯಿಬಿಟ್ಟು ಕೇಳಲಾಗದ್ದನ್ನು ಕಂಪ್ಯೂಟರಿಗೆ ಕೇಳುವ ಕಾಲವಿದು. ಅನ್ಯಧರ್ಮಗಳ ನಂಬಿಕೆ ತಿಳಿಯಲು ಕೆಲವರು ಹಿಡಿಯುವ ದಾರಿಗಳಲ್ಲಿ ಬೈಬಲ್ ಅಧ್ಯಯನದ ಸಾಫ್ಟ್‌ವೇರ್ ಕೂಡ ಒಂದು. ಒಂದು ಧರ್ಮಗ್ರಂಥಕ್ಕಾಗಿ ರೂಪುಗೊಂಡ ಈ ಸಾಧನ ಇತರ ಧರ್ಮಗಳ ವಿಷಯದಲ್ಲಿ ಎಷ್ಟು ನೆರವಾದೀತು ಎಂಬುದು ವಿಚಾರಯೋಗ್ಯ.

ಈ ಸಾಧನದ ಬೇರು ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಇಂಗ್ಲಿಷ್ ಬೈಬಲಿನ ಪದಸೂಚಿ ಪ್ರಕಟಿಸಿ, ಮೂಲದ ಹೀಬ್ರೂ ಪದಗಳಿಗೆ 8674ರ ತನಕ, ಗ್ರೀಕ್ ಪದಗಳಿಗೆ 5624ರ ತನಕ ಕ್ರಮಸಂಖ್ಯೆ ಕೊಟ್ಟರು. ಬ್ಯಾಂಕಿನ ಖಾತೆ ನಂಬರಿನಂತೆ ಆ ಸಂಖ್ಯೆ ಹಿಡಿದರೆ ಪದದ ಎಲ್ಲ ಎಂಟ್ರಿಗಳೂ ಸಿಗುತ್ತವೆ. 1949ರಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ಬುಸಾ ಅವರು ಐಬಿಎಂ ಕಂಪನಿಯ ನೆರವಿನಿಂದ ಸಂತ ಥಾಮಸ್ ಅಕ್ವಿನಾಸರ ಗ್ರಂಥಗಳ ಪದಸೂಚಿಯನ್ನು ಯಂತ್ರದಲ್ಲಿ ಸಿದ್ಧಪಡಿಸಲು ತೊಡಗಿದರು. ಮುಂದೆ ‘ಲೋಗೋಸ್’, 2000ದಲ್ಲಿ ರಿಕ್ ಮೇಯರ್ಸ್ ಅವರ ಉಚಿತ ‘ಈ-ಸೋರ್ಡ್’ ಮುಂತಾದವು ಬಂದು ಈ ಸೌಲಭ್ಯ ಮನೆಮನೆಗೆ ತಲುಪಿತು. ಇವುಗಳಲ್ಲಿ ಬಳಕೆದಾರರು ತಮಗೆ ಬೇಕಾದ ಬೇರೆ ಗ್ರಂಥಗಳನ್ನೂ ಸೇರಿಸಿಕೊಂಡು ಪದ ಹುಡುಕಬಹುದು.

ಎಚ್ಚರ ಬೇಕಾದುದು ಇಲ್ಲಿಯೇ. ಉಚಿತವಾಗಿ ಸಿಗುವ ಗ್ರಂಥಗಳಲ್ಲಿ ಹೆಚ್ಚಿನವು ಕೃತಿಸ್ವಾಮ್ಯ ಮುಗಿದ ಹಳೆಯ ಅನುವಾದಗಳು. ಕುರಾನ್‌ನ ಇಂಗ್ಲಿಷ್ ಅನುವಾದಗಳನ್ನೇ ನೋಡಿ. 1734ರ ಅನುವಾದಕ ಜಾರ್ಜ್ ಸೇಲ್ ಅವರು ವಕೀಲರು, 1861ರ ರಾಡ್‌ವೆಲ್ ಅವರು ಆಂಗ್ಲಿಕನ್ ಪಾದ್ರಿ. ಇಬ್ಬರೂ ಮುಸ್ಲಿಮರಲ್ಲ. ರಾಡ್‌ವೆಲ್ ಅವರಂತೂ ಅಧ್ಯಾಯಗಳ ಪರಂಪರಾಗತ ಕ್ರಮವನ್ನೇ ಬಿಟ್ಟು, ತಮಗೆ ಸರಿಕಂಡ ಕಾಲಾನುಕ್ರಮದಲ್ಲಿ ಅವನ್ನು ಜೋಡಿಸಿದರು. ಆಹಾರದ ನಿಯಮಗಳಿರುವ ಐದನೆಯ ಅಧ್ಯಾಯ ಅಲ್ಲಿ ಕಟ್ಟಕಡೆಗೆ ಬರುತ್ತದೆ. ಅದನ್ನು ಓದಿ ಪಕ್ಕದ ಮನೆಯ ಮುಸ್ಲಿಂ ಬಂಧುವಿನ ನಂಬಿಕೆ ಅರಿತೆವು ಎನ್ನುವುದು ಅವಸರದ ಮಾತು.

ಇಂಥದ್ದು ಕನ್ನಡಿಗರಿಗೂ ಹೊಸತಲ್ಲ. ಬಾಸೆಲ್ ಮಿಶನ್ನಿನ ವುರ್ತ್ ಎಂಬವರು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದರು. ಅವು 1860ರ ದಶಕದಲ್ಲಿ ಇದೇ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು. ಪರಭಾಷೆಯವರಿಗೆ ಲಿಂಗಾಯತರ ಪರಿಚಯ ಮಾಡಿಸಿದ ಆ ಶ್ರಮ ಶ್ಲಾಘನೀಯವೇ. ಆದರೆ ಅದು ಪುರಾಣಗಳ ಮೂಲಕವಾದ ಪರಿಚಯ. ಮುಂಬಯಿಯಲ್ಲಿ ಓದಿ ವಕೀಲರಾದ ಫ.ಗು. ಹಳಕಟ್ಟಿ ಅವರು ಊರೂರು ತಿರುಗಿ ತಾಡೋಲೆ ಕೂಡಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದುದು 1923ರಲ್ಲಿ. ಶರಣರ ಸ್ವಂತ ಮಾತು ಹೀಗೆ ಅಚ್ಚಾಗಿ ಬರುವ ಮುನ್ನ ಯಾವ ಪದಸೂಚಿ ಹಿಡಿದು ಹುಡುಕಿದ್ದರೂ ಅದು ಸಿಗುವಂತಿರಲಿಲ್ಲ. ಸಂಗ್ರಹದಲ್ಲಿ ಇಲ್ಲದ್ದನ್ನು ಯಂತ್ರ ಕೊಡಲಾರದು. ಇಂದು ‘ವಚನ ಸಂಚಯ’ದಂತಹ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದ ಹುಡುಕಬಹುದು ಎಂಬುದು ಹೆಮ್ಮೆಯ ಸಂಗತಿ.

ಹಾಗಾದರೆ ತಟ್ಟೆಯಲ್ಲಿರುವ ‘ಪ್ರಸಾದ’ವನ್ನೇ ಹುಡುಕಿ ನೋಡೋಣ. ದೇವಸ್ಥಾನಕ್ಕೆ ಹೋಗುವವರಿಗೆ ಅದು ದೇವರಿಗೆ ನಿವೇದಿಸಿ ಪಡೆದದ್ದು. ಲಿಂಗಾಯತರಿಗೆ ಅಷ್ಟಾವರಣಗಳಲ್ಲಿ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದೇ ‘ಪ್ರಸಾದಿ’. ಮಾಧ್ವ ಸಿದ್ಧಾಂತದಲ್ಲಿ ಪ್ರಸಾದವೆಂದರೆ ಶ್ರೀಹರಿಯ ಅನುಗ್ರಹ, ಅದಿಲ್ಲದೆ ಮೋಕ್ಷವಿಲ್ಲ. ಕನ್ನಡದಲ್ಲಿ ಪ್ರಾರ್ಥಿಸುವ ಕೆಥೋಲಿಕರಿಗೆ ದೇವಕೃಪೆ ‘ವರಪ್ರಸಾದ’, ಇಗರ್ಜಿಯ ಪೂಜೆಯಲ್ಲಿ ಸ್ವೀಕರಿಸುವುದು ‘ಪರಮಪ್ರಸಾದ’. ಕಂಪ್ಯೂಟರಿಗೆ ಇವೆಲ್ಲ ಒಂದೇ ಪದ. ನಂಬುವವರಿಗೆ ಒಂದೊಂದೂ ಬೇರೆ.

ಇನ್ನು ‘ಬೇಡ’ ಎಂದ ಕ್ರೈಸ್ತ ನೆರೆಯವರ ವಿಷಯ. ವಿಗ್ರಹಕ್ಕೆ ಅರ್ಪಿಸಿದ ಆಹಾರ ಎಂಬರ್ಥದ ಗ್ರೀಕ್ ಪದಕ್ಕೆ ಸ್ಟ್ರಾಂಗ್ ಕೊಟ್ಟ ಸಂಖ್ಯೆ 1494. ಅದನ್ನು ಒತ್ತಿದರೆ ಅಪೊಸ್ತಲರ ಕೃತ್ಯಗಳು, ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರ, ಪ್ರಕಟನೆ ಗ್ರಂಥ ತೆರೆದುಕೊಳ್ಳುತ್ತವೆ. ಒಂದೆಡೆ ಅಂಥ ಆಹಾರ ವರ್ಜಿಸಿ ಎಂಬ ಸೂಚನೆ. ಪೌಲನ ಪತ್ರದಲ್ಲಾದರೋ, ವಿಗ್ರಹಕ್ಕೆ ಅಸ್ತಿತ್ವವಿಲ್ಲ, ಆದರೂ ದುರ್ಬಲ ಮನಸ್ಸಿನ ಸಹೋದರನಿಗೆ ತೊಡಕಾಗಬಾರದು ಎಂಬ ವಿವೇಚನೆ. ಬಡಿಸಿದ್ದನ್ನು ವಿಚಾರಿಸದೆ ಉಣ್ಣಿರಿ, ಆದರೆ ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ ತಿನ್ನಬೇಡಿ ಎಂಬ ಮಾತೂ ಅಲ್ಲಿದೆ. ಆದ್ದರಿಂದಲೇ ಒಂದು ಕ್ರೈಸ್ತ ಮನೆಯಲ್ಲಿ ಪ್ರಸಾದ ಸ್ವೀಕರಿಸುತ್ತಾರೆ, ಇನ್ನೊಂದರಲ್ಲಿ ಇಲ್ಲ. ಒಂದೇ ವಚನ ಹಿಡಿದು ‘ನಿಮ್ಮ ಧರ್ಮ ಹೀಗೆ ಹೇಳುತ್ತದೆ’ ಎನ್ನುವಂತಿಲ್ಲ.

ಜೈನರ ‘ಬೇಡ’ಕ್ಕೆ ಕಾರಣ ದೇವರಲ್ಲದೆಯೂ ಇರಬಹುದು. ತಿಂಡಿಯಲ್ಲಿ ಬಟಾಟೆಯಂಥ ಕಂದಮೂಲ ಬಿದ್ದಿರಬಹುದು ಅಥವಾ ಸೂರ್ಯ ಮುಳುಗಿರಬಹುದು. ಅದೇ ತಟ್ಟೆ ಮರುದಿನ ಬೆಳಿಗ್ಗೆ, ಬಟಾಟೆಯಿಲ್ಲದೆ ಹೋದರೆ ಸಂತೋಷದಿಂದ ಸ್ವೀಕರಿಸಿಯಾರು. ಇದನ್ನು ತಿಳಿಸಲು ಸಾಫ್ಟ್‌ವೇರ್ ಬೇಕಿಲ್ಲ, ಗಡಿಯಾರ ನೋಡುವ ಸೂಕ್ಷ್ಮತೆ ಸಾಕು. ನೆರೆಯವರ ಮದುವೆಗೆಂದು ಇಗರ್ಜಿಗೆ ಹೋದ ಅನ್ಯಧರ್ಮೀಯರಿಗೆ ಅಲ್ಲಿ ಪರಮಪ್ರಸಾದ ಕೊಡುವುದಿಲ್ಲ. ಅದು ಅತಿಥಿಗೆ ಮಾಡಿದ ಅವಮಾನವಲ್ಲ. ಅವರ ನಂಬಿಕೆಯಲ್ಲಿ ಅದು ಕ್ರಿಸ್ತನ ಶರೀರವೇ. ಆ ವಿಶ್ವಾಸದಲ್ಲಿ ಸೇರಿ, ಸಿದ್ಧರಾದವರಿಗೆ ಮಾತ್ರ ಸಲ್ಲುವಂಥದ್ದು. ಇಷ್ಟು ಅರಿತವರಿಗೆ ತಮ್ಮ ತಟ್ಟೆ ಹಿಂದೆ ಬಂದಾಗಲೂ ಬೇಸರವಾಗದು.

ಸಾಫ್ಟ್‌ವೇರ್ ಬೇಡವೆಂದಲ್ಲ. ಹೊಂದಿದ ಗ್ರಂಥ ಯಾರದು, ಅನುವಾದ ಯಾವ ವರ್ಷದ್ದು ಎಂದು ಮೊದಲು ನೋಡಬೇಕು. ಸಿಕ್ಕ ಸಾಲಿನ ಹಿಂದುಮುಂದಿನ ಪುಟ ಓದಬೇಕು. ಆ ಧರ್ಮದವರೇ ಬರೆದ ಒಂದು ಪುಸ್ತಕವನ್ನಾದರೂ ಜೊತೆಗಿಟ್ಟುಕೊಳ್ಳಬೇಕು. ಕೊನೆಗೆ ಪುಸ್ತಕ ಮುಚ್ಚಿ, ‘ನಿಮ್ಮಲ್ಲಿ ಹೇಗೆ?’ ಎಂದು ಎದುರು ಬಾಗಿಲಿನವರನ್ನೇ ಕೇಳಬೇಕು. ಕನ್ನಡ ಸಂಘಗಳು ವರ್ಷಕ್ಕೊಮ್ಮೆಯಾದರೂ ನಾನಾ ಧರ್ಮಗಳ ಕನ್ನಡಿಗರನ್ನು ಒಂದೇ ವೇದಿಕೆಗೆ ಕರೆದು ಇಂಥ ಮಾತುಕತೆ ಏರ್ಪಡಿಸಿದರೆ ಒಳಿತು. ಮುಂದಿನ ಚೌತಿಗೆ ತಟ್ಟೆ ಹಿಡಿದು ಹೊರಡುವ ಮಕ್ಕಳಿಗೆ ಯಾರ ಮನೆಗೆ ಏನು, ಯಾವ ಹೊತ್ತಿಗೆ ಎಂಬುದು ಮೊದಲೇ ತಿಳಿದಿರಲಿ.