ಅತ್ತೆಯ ಒಂಬತ್ತು ಗಂಟೆಯ ಮಾತ್ರೆ

ನಮ್ಮ ಅತ್ತೆಯ ಮೊಬೈಲ್‌ನಲ್ಲಿ ದಿನಾ ರಾತ್ರಿ ಒಂಬತ್ತಕ್ಕೆ ಅಲಾರಾಂ ಹೊಡೆಯುತ್ತದೆ. ರೊಟ್ಟಿ ಬಡಿಯುತ್ತಿದ್ದರೂ, ಧಾರಾವಾಹಿ ನೋಡುತ್ತಿದ್ದರೂ ಎದ್ದುಹೋಗಿ ಒಂದು ಮಾತ್ರೆ ನುಂಗಿ ಬರುತ್ತಾರೆ. ಅದು ಬಿಪಿ ಗುಳಿಗೆ ಎಂದೇ ನಾನು ಪಿಯುಸಿ ಮುಗಿಯುವವರೆಗೂ ನಂಬಿದ್ದೆ. ಬಿಇ ಎರಡನೇ ವರ್ಷದಲ್ಲಿ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್‌ನ ಕರಪತ್ರವೊಂದನ್ನು ಮನೆಗೆ ತಂದಿದ್ದೆ. ಅತ್ತೆ ಅದನ್ನು ನಿಧಾನಕ್ಕೆ ಓದಿ, ‘ತಮ್ಮಾ, ನಿಮ್ಮ ಮಾವ ಇದರಾಗ ಹೋದ್ರು. ನನಗೂ ಐತಿ’ ಎಂದರು.

ಮಾವ ತೀರಿಕೊಂಡಿದ್ದು 2014ರಲ್ಲಿ. ಆಗ ನಾನು ನಾಲ್ಕನೇ ಇಯತ್ತೆ. ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದವರು ಜ್ವರ, ಕೆಮ್ಮು ಎಂದು ಊರಿಗೆ ಬಂದಿದ್ದರು. ಊರವರು ಕಾಮಾಲೆ ಎಂದರು. ನಾಟಿ ಔಷಧ, ಹರಕೆ, ಖಾಸಗಿ ಕ್ಲಿನಿಕ್ಕಿನ ಇಂಜೆಕ್ಷನ್ ಎನ್ನುತ್ತಲೇ ಆರು ತಿಂಗಳು ಕಳೆದವು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಎಚ್‌ಐವಿ, ಜೊತೆಗೆ ಕ್ಷಯ ಎರಡೂ ಇದ್ದವು. ತೂಕ 41 ಕಿಲೋಗೆ ಇಳಿದಿತ್ತು. ಸಿಡಿ4 ಎಣಿಕೆ 46. ಮೊದಲು ಕ್ಷಯಕ್ಕೆ, ಕೆಲವು ವಾರಗಳ ನಂತರ ಎಚ್‌ಐವಿಗೆ ಔಷಧ ಶುರುವಾಯಿತು. ಮೂರನೇ ತಿಂಗಳಿಗೆ ಮಾವ ಹೋದರು. ‘ಔಷಧ ಕೊಟ್ಟಿದ್ದಕ್ಕೇ ಸತ್ತ’ ಎಂದು ಊರಲ್ಲಿ ಇವತ್ತಿಗೂ ಹೇಳುವವರಿದ್ದಾರೆ.

ಈ ಮಾತು ನನ್ನನ್ನು ಬಹಳ ಕಾಡಿತು. ಅದೇ ರೋಗ, ಅದೇ ಮನೆ. ಮಾವ ಮೂರು ತಿಂಗಳಿಗೆ ಹೋದರು, ಅತ್ತೆ ಇವತ್ತಿಗೂ ಹೊಲಕ್ಕೆ ಹೋಗಿ ಕಳೆ ತೆಗೆಯುತ್ತಾರೆ. ಹೇಗೆ?

ಯಂತ್ರಗಳು ಯಾವಾಗ ಹೆಚ್ಚು ಕೆಡುತ್ತವೆ ಎಂದು ತೋರಿಸುವ ‘ಬಾತ್‌ಟಬ್ ಕರ್ವ್’ ಅನ್ನು ಮೆಕ್ಯಾನಿಕಲ್ ಓದುವ ಗೆಳೆಯರು ಬಲ್ಲರು. ಶುರುವಿನ ದಿನಗಳಲ್ಲಿ ವೈಫಲ್ಯ ಹೆಚ್ಚು, ಆಮೇಲೆ ದೀರ್ಘಕಾಲ ಕಡಿಮೆ. ಎಚ್‌ಐವಿ ಚಿಕಿತ್ಸೆ ಪಡೆಯುವವರ ಸಾವುಗಳ ನಕ್ಷೆಯೂ ಮೊದಲ ಭಾಗದಲ್ಲಿ ಹಾಗೆಯೇ ಕಾಣುತ್ತದೆ. ಚಿಕಿತ್ಸೆ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಸಾವು ಹೆಚ್ಚು. ಅದನ್ನು ದಾಟಿದವರಲ್ಲಿ ಬಹುಪಾಲು ಜನ ವರ್ಷಗಟ್ಟಲೆ ಬದುಕುತ್ತಾರೆ.

ಕಾರಣ ಸರಳ. ಎಚ್‌ಐವಿ ನಮ್ಮ ದೇಹ ಕಾಯುವ ಸಿಡಿ4 ಕಣಗಳನ್ನು ತಿನ್ನುತ್ತದೆ. ಆರೋಗ್ಯವಂತರಲ್ಲಿ ಇವು ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುತ್ತವೆ. 200ಕ್ಕಿಂತ ಇಳಿದರೆ ಕಾಯಿಲೆ ಮುಂದುವರಿದ ಹಂತ. ಮಾತ್ರೆ ವೈರಸ್ಸನ್ನು ಬೇಗ ತಡೆಯುತ್ತದೆ, ಆದರೆ ಕಳೆದುಹೋದ ಸಿಡಿ4 ಮತ್ತೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಆ ನಡುವಿನ ಅವಧಿಯಲ್ಲಿ ಕ್ಷಯ, ಮಿದುಳಿನ ಪೊರೆಯ ಸೋಂಕಿನಂಥವು ಜೀವ ತೆಗೆಯುತ್ತವೆ. ಎಚ್‌ಐವಿ ಇರುವವರ ಸಾವಿಗೆ ಜಗತ್ತಿನಾದ್ಯಂತ ಮೊದಲ ಕಾರಣ ಕ್ಷಯವೇ. ಕಡಿಮೆ ತೂಕ, ರಕ್ತಹೀನತೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಮಾವನಿಗೆ ಇದೆಲ್ಲವೂ ಇತ್ತು. ಅವರನ್ನು ಕೊಂದಿದ್ದು ಔಷಧವಲ್ಲ, ಅದಕ್ಕೆ ಮುಂಚಿನ ಆರು ತಿಂಗಳು.

ಗಂಡಸರಲ್ಲಿ ಸಾವು ಹೆಚ್ಚು ಎಂಬುದಕ್ಕೂ ಇಲ್ಲೇ ಒಂದು ಉತ್ತರವಿದೆ. ಹೆಂಗಸರಿಗೆ ಗರ್ಭಿಣಿಯಾದಾಗ ಪರೀಕ್ಷೆ ಆಗುತ್ತದೆ. ಗಂಡಸರಿಗೆ ಅಂಥ ಅವಕಾಶ ತಾನಾಗಿ ಬರುವುದಿಲ್ಲ. ಹಾಸಿಗೆ ಹಿಡಿದ ಮೇಲೆಯೇ ಆಸ್ಪತ್ರೆ ನೆನಪಾಗುತ್ತದೆ.

ಮಾವನ ವರದಿ ಬಂದ ವಾರವೇ ಅತ್ತೆಗೂ ಪರೀಕ್ಷೆ ಮಾಡಿಸಿದರು. ಅವರ ಸಿಡಿ4 ಆಗ 600 ದಾಟಿತ್ತು. ಎಣಿಕೆ ಇಳಿದ ಮೇಲಷ್ಟೇ ಔಷಧ ಎಂಬುದು ಆಗಿನ ನಿಯಮ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಿದ್ದರು. ಎಣಿಕೆ 500ಕ್ಕಿಂತ ಹೆಚ್ಚಿದ್ದಾಗಲೇ ಔಷಧ ಶುರುಮಾಡಿದರೆ ತೀವ್ರ ಕಾಯಿಲೆ, ಸಾವು ಅರ್ಧಕ್ಕಿಂತ ಹೆಚ್ಚು ತಗ್ಗುತ್ತವೆ ಎಂದು 2015ರಲ್ಲಿ ‘ಸ್ಟಾರ್ಟ್’ ಎಂಬ ಅಧ್ಯಯನ ತೋರಿಸಿತು. 35 ದೇಶಗಳ 4,685 ಜನರ ಮೇಲೆ ನಡೆದ ಅಧ್ಯಯನ ಅದು. 2017ರಲ್ಲಿ ನಮ್ಮ ದೇಶದಲ್ಲೂ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಎಂಬ ನಿಯಮ ಬಂತು. ಅತ್ತೆಯ ಮಾತ್ರೆ ಶುರುವಾಗಿದ್ದು ಆ ವರ್ಷ. 2004ರ ಏಪ್ರಿಲ್ 1ರಿಂದ ಸರ್ಕಾರ ಈ ಔಷಧವನ್ನು ಉಚಿತವಾಗಿ ಕೊಡುತ್ತಿದೆ. ಈಗ ಮೂರು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಬಿಟ್ಟುಬಿಟ್ಟು ನುಂಗಿದರೆ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ, ಅದಕ್ಕೇ ಆ ಅಲಾರಾಂ. ತಪ್ಪದೆ ನುಂಗಿ, ಪರೀಕ್ಷೆಯಲ್ಲಿ ಕಾಣದಷ್ಟು ವೈರಸ್ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಕೆಲಸ ಹುಡುಕುವ ಗೆಳೆಯರು ಇನ್ನೊಂದನ್ನು ತಿಳಿದಿರಬೇಕು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ನೌಕರಿ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಬೇರೆ ಊರಿಗೆ ಕೆಲಸಕ್ಕೆ ಹೋದರೆ ಚಿಕಿತ್ಸೆಯನ್ನು ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ಮಾವನಿಗೆ ಇಂಥದ್ದನ್ನು ಹೇಳುವವರು ಯಾರೂ ಇರಲಿಲ್ಲ. ಕೆಲಸ ಹೋದೀತು, ಮರ್ಯಾದೆ ಹೋದೀತು ಎಂಬ ಭಯದಲ್ಲಿ ಜೀವವೇ ಹೋಯಿತು.

ಕಳೆದ ಡಿಸೆಂಬರ್ 1ರಂದು ನಾವು ನಾಲ್ವರು ಗೆಳೆಯರು ಜಾಥಾ ಮುಗಿಸಿ ನೇರವಾಗಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ ಹೋದೆವು. ಆಪ್ತಸಮಾಲೋಚಕರು ಬಾಗಿಲು ಮುಂದೆ ಮಾಡಿ ಒಬ್ಬೊಬ್ಬರನ್ನೇ ಮಾತನಾಡಿಸಿದರು. ಸ್ವಲ್ಪ ರಕ್ತ ತೆಗೆದರು, ಅವತ್ತೇ ವರದಿ ಕೊಟ್ಟರು. ಒಂದು ರೂಪಾಯಿ ಖರ್ಚಿಲ್ಲ. ಹೋಗಲು ಅಂಜಿಕೆಯಾದರೆ 1097ಕ್ಕೆ ಕರೆ ಮಾಡಿ, ಅದೂ ಉಚಿತ.

ಈ ಬರಹವನ್ನು ಮೊದಲು ಅತ್ತೆಗೆ ಓದಿ ಹೇಳಿದೆ. ‘ಹೆಸರು, ಊರು ಹಾಕಬ್ಯಾಡ. ಉಳಿದದ್ದು ಹಾಕು. ಯಾರರ ಒಬ್ರು ಲಗೂನ ದವಾಖಾನಿಗೆ ಹೋದ್ರ ಸಾಕು’ ಎಂದರು. ಅಷ್ಟರಲ್ಲಿ ಒಂಬತ್ತಾಯಿತು.