ನಾಲೆ ಏರಿ ಯಾರಪ್ಪನ ಆಸ್ತಿ?

ಮಂಡ್ಯ: ವಿ.ಸಿ. ನಾಲೆ ಏರಿ ಮೇಲೊಂದು ಟೀ ಗೂಡಂಗಡಿ ಇಡಬೇಕು ಅಂತಿಟ್ಟುಕೊಳ್ಳಿ. ಯಾರನ್ನು ಕೇಳ್ತೀರಿ? ಹತ್ತಕ್ಕೆ ಒಂಬತ್ತು ಜನ ಪಂಚಾಯ್ತಿ ಮೆಂಬರನ್ನು ಕೇಳ್ತಾರೆ. ಹತ್ತನೆಯವನು ಯಾರನ್ನೂ ಕೇಳೋದಿಲ್ಲ, ರಾತ್ರೋರಾತ್ರಿ ನಾಲ್ಕು ಕಂಬ ನೆಟ್ಟು ತಗಡು ಹೊದಿಸ್ತಾನೆ. ಎರಡೂ ತಪ್ಪೇ. ಏರಿ ಪಂಚಾಯ್ತಿದಲ್ಲ. ನಾಲೆ, ಅದರ ಏರಿ, ತೂಬು, ಅಕ್ಕಪಕ್ಕ ಕಲ್ಲು ನೆಟ್ಟು ಗುರುತು ಮಾಡಿರೋ ಜಾಗ, ಇಷ್ಟೂ ಕಾವೇರಿ ನೀರಾವರಿ ನಿಗಮದ ಸುಪರ್ದಿಗೆ ಸೇರಿದ್ದು. ಅರ್ಜಿ ಹೋಗಬೇಕಾದ್ದು ಅಲ್ಲಿನ ಎಂಜಿನಿಯರ್ ಆಫೀಸಿಗೆ.

ನಿಗಮ ಹುಟ್ಟಿದ್ದು 2003ರಲ್ಲಿ. ಅದರ ಕೈಯಲ್ಲಿರೋ ಬೆತ್ತ ಮಾತ್ರ ಹಳೇದು, 1965ರ ನೀರಾವರಿ ಕಾಯ್ದೆ. ನಾಲೆ ಅದಕ್ಕಿಂತ ಹಳೇದು. ಕೃಷ್ಣರಾಜಸಾಗರದಿಂದ ಹೊರಟು, ಹುಲಿಕೆರೆ ಸುರಂಗದೊಳಗೆ ನುಗ್ಗಿ ಈಚೆ ಬರೋ ಈ ನೀರನ್ನು ಹಳಬರು ಈಗಲೂ ಇರ್ವಿನ್ ನಾಲೆ ಅಂತಲೇ ಕರೀತಾರೆ. ವೈಸ್‌ರಾಯ್ ಹೆಸರು ಹೋಗಿ ವಿಶ್ವೇಶ್ವರಯ್ಯನವರ ಹೆಸರು ಬಂತು. ಏರಿ ಮೇಲೆ ಎಮ್ಮೆ ಮೇಯಿಸೋ ಅಭ್ಯಾಸ ಮಾತ್ರ ಹೋಗಲಿಲ್ಲ.

ಕಾಯ್ದೆ ಏನನ್ನುತ್ತೆ? ಅಪ್ಪಣೆಯಿಲ್ಲದೆ ಏರಿ ಅಗೆಯಬಾರದು, ತೂಬಿನ ಬಾಗಿಲು ಮುಟ್ಟಬಾರದು, ಅಡ್ಡ ಕಟ್ಟಬಾರದು, ಪೈಪು ಇಳಿಬಿಟ್ಟು ನೀರೆತ್ತಬಾರದು, ನೀರು ಕೆಡಿಸಬಾರದು. ಗಾಡಿ ಓಡಾಟ ಬೇಡ ಅಂತ ಹೇಳಿರೋ ಏರಿ ಮೇಲೆ ಗಾಡಿ ಹೊಡೆದರೂ ಅಪರಾಧ. ಇದನ್ನು ಕೇಳಿ ಯಾರಾದರೂ ನಕ್ಕರೆ ಅವರದ್ದು ತಪ್ಪಲ್ಲ. ಏರಿ ಹಾದಿ ಮಾಡಿದ್ದು ಸೌಡಿಗಳು, ಎಂಜಿನಿಯರುಗಳು ನೀರು ನೋಡಿಕೊಂಡು ಓಡಾಡಲಿ ಅಂತ. ಬರಬರುತ್ತಾ ಎತ್ತಿನಗಾಡಿ ಬಂತು, ಟ್ರಾಕ್ಟರ್ ಬಂತು, ಕಬ್ಬಿನ ಲಾರಿ ಬಂತು. ಎಷ್ಟೋ ಕಡೆ ಡಾಂಬರೂ ಬಿತ್ತು. ಡಾಂಬರು ಬಿದ್ದ ಮೇಲೆ ಅದು ರಸ್ತೆ ಅಲ್ಲ ಅಂದರೆ ಯಾರು ಕೇಳ್ತಾರೆ?

ಈ ಮಾತು ತಮಾಷೆಗಲ್ಲ. 2018ರ ನವೆಂಬರ್ 24, ಶನಿವಾರ. ಪಾಂಡವಪುರದಿಂದ ಮಂಡ್ಯಕ್ಕೆ ಹೊರಟ ಖಾಸಗಿ ಬಸ್ಸು ಕನಗನಮರಡಿ ಹತ್ತಿರ ನಾಲೆಗೆ ಉರುಳಿತು. ಸತ್ತವರು 30 ಜನ. ಶನಿವಾರವಾದ್ದರಿಂದ ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆ ತುಂಬ ನೀರು, ಒಂದು ಮಗ್ಗುಲಾಗಿ ಬಿದ್ದ ಬಸ್ಸು. ಒಳಗಿದ್ದವರು ಬಾಗಿಲು ಹುಡುಕೋದೆಲ್ಲಿ ಬಂತು? ಅದೇ ರಾತ್ರಿ ಅಂಬರೀಷ್ ತೀರಿಕೊಂಡರು. ಮಂಡ್ಯ ಜಿಲ್ಲೆಗೆ ಒಂದೇ ದಿನ ಎರಡು ಸೂತಕ. ಎರಡನೆಯದಕ್ಕೆ ಇಡೀ ನಾಡು ಅತ್ತಿತು. ಮೊದಲನೆಯದಕ್ಕೆ ಅತ್ತವರು ಹೆಚ್ಚಾಗಿ ಆ ಊರುಗಳವರೇ.

ಆಗ ಎಲ್ಲರ ಬಾಯಲ್ಲೂ ತಡೆಗೋಡೆ. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಹತ್ತಿರ ಕಾರು ಬಿದ್ದು ನಾಲ್ವರು ಹೆಂಗಸರು ಹೋದರು. ಅದೇ ವರ್ಷ ನವೆಂಬರಿನಲ್ಲಿ ಪಾಂಡವಪುರದ ಬನಘಟ್ಟ ಹತ್ತಿರ ಇನ್ನೊಂದು ಕಾರು, ಐದು ಜನ. ಪ್ರತಿ ಸಲವೂ ಅದೇ ಮಾತು, ಅದೇ ಗೋಡೆ. ತೊಡಕು ಇರೋದು ಇಲ್ಲಿ: ನಾಲೆ ಒಬ್ಬರದು, ಅದರ ಮಗ್ಗುಲ ರಸ್ತೆ ಎಷ್ಟೋ ಕಡೆ ಇನ್ನೊಬ್ಬರದು. ಗೋಡೆ ರಸ್ತೆಗೆ ಸೇರಿದ್ದೋ ನಾಲೆಗೆ ಸೇರಿದ್ದೋ ಅಂತ ಕಡತ ಮೇಜಿಂದ ಮೇಜಿಗೆ ನಡೆಯೋ ಹೊತ್ತಿಗೆ ಬಸ್ಸು ಐವತ್ತು ಸಲ ಓಡಾಡಿರುತ್ತೆ. ಗೂಡಂಗಡಿ ಕಿತ್ತು ಹಾಕೋಕೆ ಮಾತ್ರ ಏರಿ ಯಾರದು ಅನ್ನೋ ಅನುಮಾನ ಯಾರಿಗೂ ಬರೋದಿಲ್ಲ!

ಹಾಗಂತ ನಿಯಮ ಸುಮ್ಮನೆ ಮಾಡಿದ್ದೂ ಅಲ್ಲ. ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದವರನ್ನು ಕೇಳಿ ನೋಡಿ. ಕಟ್ಟು ಪದ್ಧತೀಲಿ ನೀರು ಬಿಟ್ಟಾಗ ಮೇಲಿನೋರು ಮೋಟಾರು ಇಟ್ಟು ಎತ್ಕೊಂಡರೆ ಕೆಳಗಿನೋರ ಪಾಲಿಗೆ ಬರೋದು ಪಾಚಿ. 'ನೀರು ಬಿಟ್ಟವರೆ ಅಂತ ಪೇಪರ್‌ನಾಗೆ ಓದ್ತೀವಿ ಬುಡಿ' ಅನ್ನೋದು ಆ ಕಡೆ ಹೊಸ ಮಾತಲ್ಲ. ಅದಕ್ಕೇ 2024ರಲ್ಲಿ ಸರ್ಕಾರ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಕಳ್ಳತನಕ್ಕೆ ಶಿಕ್ಷೆ ಬಿಗಿ ಮಾಡಿತು. ನಾಲೆಯಿಂದ 500 ಮೀಟರ್ ಒಳಗೆ ಅಪ್ಪಣೆಯಿಲ್ಲದೆ ಬೋರ್‌ವೆಲ್ ಕೊರೆಯೋ ಹಾಗಿಲ್ಲ ಅಂತಲೂ ಸೇರಿಸಿತು. ನಾಲೆ ಮಗ್ಗುಲ ಬೋರಿಗೆ ಬರೋ ನೀರು ಭೂಮಿದಲ್ಲ, ಬಸಿದ ನಾಲೆದೇ ಅನ್ನೋದು ಇದರ ಹಿಂದಿನ ಲೆಕ್ಕ.

ನಾಲೆ ಬಿಟ್ಟು ನದಿಗೆ ಬಂದರೆ ಬಾಗಿಲುಗಳು ಇನ್ನೂ ಹೆಚ್ಚು. ಮರಳಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಮೀನು ಹಿಡಿಯೋಕೆ ಮೀನುಗಾರಿಕೆ ಇಲಾಖೆಯ ಲೈಸೆನ್ಸು, ತೋಟೆ ಸಿಡಿಸಿದರೆ ಕೇಸು. ಕಾರ್ಖಾನೆಯ ಕೊಳಚೆ ಹೊಳೆಗೆ ಬಿಡೋಕೆ 1974ರ ಜಲ ಕಾಯ್ದೆ ಪ್ರಕಾರ ಮಾಲಿನ್ಯ ಮಂಡಳಿಯ ಒಪ್ಪಿಗೆ. ಒಂದೇ ನೀರು, ಆಫೀಸು ಮಾತ್ರ ನಾಲ್ಕು. ಅಂಗಡಿ ಬಾಗಿಲು ಹಾಕಿ ಒಂದೊಂದಕ್ಕೂ ಅಲೆಯೋರಿಗೆ ಆ ದಿನದ ವ್ಯಾಪಾರ ಹೋದ ಹಾಗೇ.

ಸದ್ಯಕ್ಕೆ ಏರಿ ಪಕ್ಕ ಹೋಟೆಲು, ಇಟ್ಟಿಗೆ ಗೂಡು, ವಾಟರ್ ಸರ್ವೀಸು ಇಟ್ಟುಕೊಂಡಿರೋರು ಮಾಡಬಹುದಾದ್ದು ಇಷ್ಟು: ಗಡಿಕಲ್ಲು ಎಲ್ಲಿದೆ ಅಂತ ಮೊದಲು ನೋಡಿಕೊಳ್ಳೋದು. ಕಲ್ಲಿನಿಂದ ಒಳಗಿದ್ದರೆ ಲಿಖಿತ ಅಪ್ಪಣೆ ಕೇಳೋದು, ಕೊಟ್ಟ ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳೋದು. 'ಸಾಹೇಬ್ರಿಗೆ ಹೇಳಿದೀನಿ' ಅನ್ನೋ ಬಾಯಿಮಾತು ಜೆಸಿಬಿ ಮುಂದೆ ನಡೆಯೋದಿಲ್ಲ. ಬೋರು ಹಾಕಿಸೋರು ರಿಗ್ ಲಾರಿಗೆ ಅಡ್ವಾನ್ಸು ಕೊಡೋಕೆ ಮುಂಚೆ ನಾಲೆಯಿಂದ ಟೇಪು ಹಿಡಿದು ಬರಲಿ.